ಐದು ಶಿವಕ್ಷೇತ್ರಗಳ ಯಾತ್ರೆ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಕುಮಟಾ ಹತ್ತಿರ. ಘಟ್ಟದ ಮೇಲಿನ ನೆಂಟರಿಗೆ, ಹುಬ್ಬಳ್ಳಿ-ಬೆಂಗಳೂರಿನ ಪರಿಚಯದವರಿಗೆ ಐದು ಕ್ಷೇತ್ರ ನೋಡುವ ಮನಸ್ಸಾದಾಗಲೆಲ್ಲ ಮೊದಲ ಫೋನ್ ನಮಗೇ ಬರುತ್ತದೆ. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಎಷ್ಟೋ ವರ್ಷದಿಂದ ಫೋನಿನಲ್ಲಿ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

ಯಾವ ಐದು ಕ್ಷೇತ್ರಗಳು?

ಉತ್ತರದಿಂದ ದಕ್ಷಿಣಕ್ಕೆ ಬರೋಣ. ಕಾರವಾರದ ಶೇಜವಾಡದಲ್ಲಿ ಶೆಜ್ಜೇಶ್ವರ. ಗೋಕರ್ಣದಲ್ಲಿ ಮಹಾಬಲೇಶ್ವರ. ಕುಮಟಾ ದಾಟಿದ ಮೇಲೆ ಧಾರೇಶ್ವರದ ಧಾರಾನಾಥ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಗುಣವಂತೇಶ್ವರ. ಕೊನೆಗೆ ಭಟ್ಕಳ ತಾಲೂಕಿನ ಮುರುಡೇಶ್ವರ.

ಐದೂ ಉತ್ತರ ಕನ್ನಡದ ಕರಾವಳಿಯಲ್ಲೇ ಇವೆ. ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಹೋದರೆ ಒಂದೊಂದಾಗಿ ಸಿಗುತ್ತವೆ. ಗೋಕರ್ಣಕ್ಕೆ ಮಾತ್ರ ಹೆದ್ದಾರಿ ಬಿಟ್ಟು ಹತ್ತು ಕಿಲೋಮೀಟರಿನಷ್ಟು ಒಳಗೆ ಹೋಗಬೇಕು. ಕಾರವಾರದಿಂದ ಮುರುಡೇಶ್ವರದವರೆಗೆ, ಗೋಕರ್ಣದ ಒಳದಾರಿ ಸೇರಿಸಿ, ಒಟ್ಟು 130ರಿಂದ 140 ಕಿಲೋಮೀಟರ್ ಆಗುತ್ತದೆ.

ನನಗೆ ಇಷ್ಟವಾದ ಇನ್ನೊಂದು ಲೆಕ್ಕ ಇದೆ. ಈ ಕರಾವಳಿಗೆ ಐದು ನದಿಗಳು ಬಂದು ಸೇರುತ್ತವೆ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ. ಯಾತ್ರೆ ಕಾಳಿಯ ಹತ್ತಿರ ಶುರುವಾಗುತ್ತದೆ. ನಡುವಿನ ಮೂರು ನದಿಗಳನ್ನು ಸೇತುವೆಯ ಮೇಲೆ ದಾಟುತ್ತೀರಿ. ವೆಂಕಟಾಪುರ ಹೊಳೆ ಮುರುಡೇಶ್ವರದಿಂದ ಸ್ವಲ್ಪವೇ ಮುಂದೆ. ಸೇತುವೆ ಬಂದಾಗ ಮೊಬೈಲ್ ಕೆಳಗಿಟ್ಟು ಕಿಟಕಿ ಕಡೆ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಈ ಐದಕ್ಕೂ ಏನು ಸಂಬಂಧ?

ಒಂದೇ ಕಥೆ ಐದು ಊರಲ್ಲಿ ಹರಡಿಕೊಂಡಿದೆ. ಕಥೆ ಗೊತ್ತಿಲ್ಲದೆ ಹೋದರೆ ಐದು ಬೇರೆ ಬೇರೆ ಗುಡಿ ನೋಡಿಕೊಂಡು ಬಂದ ಹಾಗಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ರಾವಣನ ತಾಯಿ ಕೈಕಸಿ ಶಿವಭಕ್ತೆ. ಸಮುದ್ರದ ದಂಡೆಯಲ್ಲಿ ಮರಳಿನ ಲಿಂಗ ಮಾಡಿ ಪೂಜಿಸುತ್ತಿದ್ದಳು. ತೆರೆ ಬಂತು, ಲಿಂಗ ಕೊಚ್ಚಿಹೋಯಿತು. ತಾಯಿ ಅತ್ತಳು. ಮಗ ಹೇಳಿದ, "ಅಮ್ಮ, ಮರಳಿನ ಲಿಂಗ ಯಾಕೆ? ಶಿವನ ಆತ್ಮಲಿಂಗವನ್ನೇ ತಂದುಕೊಡುತ್ತೇನೆ." ಕೈಲಾಸಕ್ಕೆ ಹೋಗಿ ತಪಸ್ಸು ಮಾಡಿದ. ತನ್ನ ಕರುಳನ್ನೇ ತಂತಿ ಮಾಡಿ ವೀಣೆ ನುಡಿಸಿದ ಎನ್ನುತ್ತಾರೆ. ಶಿವ ಒಲಿದ. ಆತ್ಮಲಿಂಗ ಕೊಟ್ಟ. ಆದರೆ ಒಂದು ಮಾತು: ಲಂಕೆ ಮುಟ್ಟುವ ತನಕ ಎಲ್ಲೂ ನೆಲಕ್ಕೆ ಇಡಬಾರದು. ಇಟ್ಟರೆ ಅಲ್ಲೇ ಉಳಿಯುತ್ತದೆ.

ದೇವತೆಗಳಿಗೆ ಭಯವಾಯಿತು. ರಾವಣ ನಮ್ಮ ಕರಾವಳಿಗೆ ಬರುವ ಹೊತ್ತಿಗೆ ವಿಷ್ಣು ಚಕ್ರ ಅಡ್ಡ ಹಿಡಿದು ಸೂರ್ಯನನ್ನು ಮರೆಮಾಡಿದ. ಸಂಜೆಯಾಯಿತು ಅಂತ ರಾವಣ ಸಂಧ್ಯಾವಂದನೆಗೆ ನಿಂತ. ಕೈಯಲ್ಲಿ ಲಿಂಗ. ಏನು ಮಾಡುವುದು? ಅಲ್ಲೊಬ್ಬ ವಟು ಕಂಡ. ಅವನೇ ಗಣಪತಿ. "ಸ್ವಲ್ಪ ಹಿಡಿದುಕೊಳ್ಳಪ್ಪ" ಅಂದ ರಾವಣ. "ಭಾರವಾದರೆ ಮೂರು ಸಲ ಕರೆಯುತ್ತೇನೆ. ಬರದಿದ್ದರೆ ಕೆಳಗಿಡುತ್ತೇನೆ" ಅಂದ ಹುಡುಗ. ಮೂರು ಸಲ ಬೇಗ ಬೇಗ ಕರೆದ, ಇಟ್ಟುಬಿಟ್ಟ. ಚಕ್ರ ಸರಿಯಿತು, ಬಿಸಿಲು ಬಂತು. ರಾವಣನಿಗೆ ಮೋಸ ಗೊತ್ತಾಯಿತು. ಸಿಟ್ಟಿನಲ್ಲಿ ಹುಡುಗನ ತಲೆಗೆ ಗುದ್ದಿದ. ಗೋಕರ್ಣದ ಮಹಾಗಣಪತಿಯ ನೆತ್ತಿಯಲ್ಲಿ ಇವತ್ತಿಗೂ ಒಂದು ತಗ್ಗು ಇದೆ. ಅದು ಆ ಗುದ್ದಿನ ಗುರುತು ಎನ್ನುತ್ತಾರೆ.

ಆಮೇಲೆ ರಾವಣ ಲಿಂಗವನ್ನು ಕೀಳಲು ನೋಡಿದ. ಎಳೆದ, ತಿರುಚಿದ. ಲಿಂಗ ಹಸುವಿನ ಕಿವಿಯ ಹಾಗೆ ತಿರುಚಿಕೊಂಡಿತೇ ಹೊರತು ಮೇಲೆ ಬರಲಿಲ್ಲ. ಗೋವಿನ ಕರ್ಣ, ಗೋಕರ್ಣ. ಅಷ್ಟು ಬಲಶಾಲಿ ರಾವಣನಿಗೂ ಜಗ್ಗದ್ದರಿಂದ ಮಹಾಬಲೇಶ್ವರ.

ಉಳಿದ ನಾಲ್ಕು ಊರಿನ ಕಥೆ?

ರಾವಣ ಲಿಂಗವನ್ನು ಬರಿಗೈಯಲ್ಲಿ ತಂದಿರಲಿಲ್ಲ. ಅದಕ್ಕೊಂದು ಪೆಟ್ಟಿಗೆ ಇತ್ತು, ಪೆಟ್ಟಿಗೆಗೆ ಮುಚ್ಚಳ, ಮೇಲೊಂದು ಬಟ್ಟೆ, ಕಟ್ಟಿದ ದಾರ. ಲಿಂಗ ಕೈಗೆ ಬರಲಿಲ್ಲ ಎಂಬ ಸಿಟ್ಟಿಗೆ ಅವನ್ನೆಲ್ಲ ಕಿತ್ತು ಎಸೆದ. ಪೆಟ್ಟಿಗೆ ಬಿದ್ದದ್ದು ಶೇಜವಾಡದಲ್ಲಿ. ಮುಚ್ಚಳ ಗುಣವಂತೆಯಲ್ಲಿ. ದಾರ ಧಾರೇಶ್ವರದಲ್ಲಿ. ಬಟ್ಟೆ ಮುರುಡೇಶ್ವರದ ಕಂದುಕಗಿರಿಯಲ್ಲಿ. ಬಿದ್ದಲ್ಲೆಲ್ಲ ಲಿಂಗವಾಯಿತು. ಶಿವನೇ ಪಾರ್ವತಿಯ ಜೊತೆ ಇಳಿದು ಬಂದು ಐದೂ ಕಡೆ ಪೂಜೆ ಮಾಡಿದ ಎಂದು ಕಥೆ ಮುಗಿಯುತ್ತದೆ. ಹಾಗಾಗಿ ಈ ಐದನ್ನು ಶಿವನ ಐದು ಮುಖ ಅಂತ ನಂಬುವವರಿದ್ದಾರೆ.

ನನಗೆ ಈ ಕಥೆಯ ಈ ಭಾಗವೇ ಹೆಚ್ಚು ಹತ್ತಿರ. ದೇವರನ್ನು ಸುತ್ತಿದ ಬಟ್ಟೆ, ಕಟ್ಟಿದ ದಾರ, ಅಂಥ ಸಣ್ಣ ವಸ್ತುವಿಗೂ ಒಂದೊಂದು ಊರು ಗುಡಿ ಕಟ್ಟಿ ದೀಪ ಹಚ್ಚಿಕೊಂಡು ಬಂದಿದೆ.

ಒಂದೇ ದಿನದಲ್ಲಿ ಮುಗಿಸಬಹುದಾ?

ಮುಗಿಸಬಹುದು. ಎಷ್ಟೋ ಜನ ಮುಗಿಸುತ್ತಾರೆ. ಒಂದೇ ದಿನ ಐದೂ ದರ್ಶನವಾದರೆ ಪುಣ್ಯ ಜಾಸ್ತಿ ಎನ್ನುವ ನಂಬಿಕೆಯೂ ಇದೆ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ನನ್ನನ್ನು ಕೇಳಿದರೆ ಎರಡು ದಿನ ಇಟ್ಟುಕೊಳ್ಳಿ.

ನಾವು ಮೊದಲ ಸಲ ಹೋದದ್ದು ಒಂದೇ ದಿನಕ್ಕೆ. ಆಯಿ, ಅತ್ತೆ, ನಾನು, ಬಾಡಿಗೆ ಜೀಪು. ಬೆಳಿಗ್ಗೆ ಶೇಜವಾಡದಲ್ಲಿ ಕೈಮುಗಿದು ಗೋಕರ್ಣಕ್ಕೆ ಬಂದರೆ ಸಾಲು ರಥಬೀದಿ ತನಕ ಇತ್ತು. ದರ್ಶನ ಮುಗಿಸಿ ಓಡಿದೆವು. ಧಾರೇಶ್ವರ ಮುಟ್ಟಿದಾಗ ಮಧ್ಯಾಹ್ನದ ಬಾಗಿಲು ಹಾಕಿತ್ತು. ಕಾಯಲು ಸಮಯವಿಲ್ಲ, ಹೊಸ್ತಿಲಿಗೆ ನಮಸ್ಕಾರ ಮಾಡಿ ಹೊರಟೆವು. ಗುಣವಂತೆಯಲ್ಲಿ ಡ್ರೈವರ್ ಎಂಜಿನ್ ಆರಿಸಲೇ ಇಲ್ಲ. ರಾತ್ರಿ ಮುರುಡೇಶ್ವರದ ಮೆಟ್ಟಿಲ ಮೇಲೆ ಕೂತು ಆಯಿ ಹೇಳಿದಳು, "ಐದು ಊರು ನೋಡಿದೆ ಮಗಾ, ಒಂದು ದೇವರ ಮುಖವೂ ನೆನಪಿಗೆ ಬರ್ತಿಲ್ಲ."

ಆ ಮಾತು ನನಗೆ ಚುಚ್ಚಿತು. ಮರುವರ್ಷ ಎರಡು ದಿನ ಇಟ್ಟುಕೊಂಡು ಮತ್ತೆ ಹೋದೆವು. ಧಾರೇಶ್ವರದಲ್ಲಿ ಆಯಿ ಒಂದು ಗಂಟೆ ಸುಮ್ನೆ ಕೂತಿದ್ದಳು. ಅವತ್ತಿನಿಂದ ಯಾರು ಕೇಳಿದರೂ ಎರಡು ದಿನ ಎಂದೇ ಹೇಳುತ್ತೇನೆ.

ಎರಡು ದಿನವಾದರೆ ಹೇಗೆ ಹೊಂದಿಸುವುದು?

ಹಿಂದಿನ ರಾತ್ರಿ ಕಾರವಾರ ಮುಟ್ಟಿ. ಬೆಳಿಗ್ಗೆ ಬೇಗ ಶೇಜವಾಡ. ಅಲ್ಲಿಂದ ಅಂಕೋಲಾ ಮೇಲೆ ಗೋಕರ್ಣ. ಹತ್ತೂವರೆ ಒಳಗೆ ಗೋಕರ್ಣದಲ್ಲಿದ್ದರೆ ಬಾಗಿಲು ಹಾಕುವ ಮೊದಲು ದರ್ಶನ ಸಿಗುತ್ತದೆ. ಆ ದಿನ ಅಲ್ಲೇ ಉಳಿಯಿರಿ. ಸಂಜೆ ಇನ್ನೊಮ್ಮೆ ಗುಡಿಗೆ ಹೋಗಿ. ಬೆಳಗಿನ ಗದ್ದಲದಲ್ಲಿ ಕಾಣದ ಗೋಕರ್ಣ ಸಂಜೆ ಕಾಣುತ್ತದೆ.

ಮರುದಿನ ಬೆಳಿಗ್ಗೆ ಧಾರೇಶ್ವರ, ಆಮೇಲೆ ಗುಣವಂತೆ. ಎರಡನ್ನೂ ಮಧ್ಯಾಹ್ನದೊಳಗೆ ಮುಗಿಸಿ. ಆಮೇಲೆ ದಾರಿಯಲ್ಲಿ ಇಡಗುಂಜಿ ಗಣಪತಿ. ಬಿಸಿಲು ಇಳಿದ ಮೇಲೆ ಮುರುಡೇಶ್ವರ.

ದಕ್ಷಿಣದಿಂದ ಬರುವವರು ಇದನ್ನೇ ತಿರುಗಿಸಿಕೊಳ್ಳಬಹುದು. ಮೊದಲು ಗೋಕರ್ಣವೇ ಆಗಬೇಕು, ಮೂಲ ಅಲ್ಲೇ ಇದೆ ಅನ್ನುವ ಹಿರಿಯರೂ ಇದ್ದಾರೆ. ನಿಮ್ಮ ಮನೆಯಲ್ಲಿ ಹಾಗೊಂದು ಪದ್ಧತಿ ಇದ್ದರೆ ಅದನ್ನೇ ಪಾಲಿಸಿ. ದಾರಿ ಸ್ವಲ್ಪ ಜಾಸ್ತಿ ಆದೀತು, ಅಷ್ಟೇ.

ಗುಡಿಗಳ ಬಾಗಿಲು ಯಾವಾಗ ತೆರೆದಿರುತ್ತದೆ?

ಗೋಕರ್ಣದಲ್ಲಿ ಸುಮಾರಾಗಿ ಬೆಳಿಗ್ಗೆ 6ರಿಂದ 12.30, ಸಂಜೆ 5ರಿಂದ 8. ಹಬ್ಬದ ದಿನ ಇದು ಬದಲಾಗುತ್ತದೆ. ಉಳಿದ ಕಡೆಯೂ ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಸಣ್ಣ ಗುಡಿಗಳಲ್ಲಿ ಪೂಜೆ ಮುಗಿಸಿ ಭಟ್ಟರು ಮನೆಗೆ ಹೋಗಿರುತ್ತಾರೆ. ಹನ್ನೆರಡರ ನಂತರ ಯಾವ ಗುಡಿಗೂ ಲೆಕ್ಕ ಹಾಕಬೇಡಿ.

ಗೋಕರ್ಣದಲ್ಲಿ ದರ್ಶನದ ಕ್ರಮ ಏನು?

ಹಳೆಯ ಪದ್ಧತಿ ಹೀಗಿದೆ: ಮೊದಲು ಸಮುದ್ರದಲ್ಲಿ ಅಥವಾ ಕೋಟಿತೀರ್ಥದ ಕೆರೆಯಲ್ಲಿ ಸ್ನಾನ, ಆಮೇಲೆ ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಗಣಪತಿಯನ್ನು ಬಿಟ್ಟು ನೇರ ಒಳಗೆ ಹೋಗಬೇಡಿ. ಆತ್ಮಲಿಂಗ ಇಲ್ಲಿ ಉಳಿದದ್ದೇ ಅವನಿಂದ. ಅವನಿಗೆ ಮೊದಲ ನಮಸ್ಕಾರ ಸಲ್ಲಬೇಕು, ಅಲ್ವಾ? ಇಲ್ಲಿನ ಗಣಪತಿಗೆ ಎರಡೇ ಕೈ, ನಿಂತ ಭಂಗಿ. ಲಿಂಗ ಇಟ್ಟು ಎದ್ದು ನಿಂತ ಹುಡುಗನ ಹಾಗೇ ಕಾಣುತ್ತಾನೆ.

ಮಹಾಬಲೇಶ್ವರನ ದರ್ಶನವಾದ ಮೇಲೆ ತಾಮ್ರಗೌರಿಯನ್ನು ಮರೆಯಬೇಡಿ. ಗದ್ದಲದಲ್ಲಿ ಬಹಳ ಜನ ಅವಳನ್ನು ನೋಡದೆಯೇ ಹೊರಬರುತ್ತಾರೆ.

ಗೋಕರ್ಣಕ್ಕೆ ಜನ ಬರುತ್ತಿರುವುದು ಇಂದು ನಿನ್ನೆಯಿಂದಲ್ಲ. ಮಹಾಭಾರತದ ವನಪರ್ವದ ತೀರ್ಥಗಳ ಪಟ್ಟಿಯಲ್ಲಿ ಈ ಊರಿನ ಹೆಸರಿದೆ. ಕಾಳಿದಾಸನ ರಘುವಂಶದಲ್ಲಿ ನಾರದ ವೀಣೆ ಹಿಡಿದು ಹೊರಟದ್ದು ತೆಂಕಣ ಕಡಲ ದಂಡೆಯ ಗೋಕರ್ಣದ ಈಶ್ವರನ ಕಡೆಗೆ. ತಮಿಳಿನ ಶಿವಭಕ್ತರಾದ ಅಪ್ಪರ್ ಮತ್ತು ಸಂಬಂಧರ್ ಈ ಕ್ಷೇತ್ರವನ್ನು ಹಾಡಿದ್ದಾರೆ. ಸಾಲಿನಲ್ಲಿ ನಿಂತು ಕಾಲು ನೋಯುವಾಗ ನಾನು ಅವರನ್ನೆಲ್ಲ ನೆನಪು ಮಾಡಿಕೊಳ್ಳುತ್ತೇನೆ.

ಆತ್ಮಲಿಂಗ ಪೂರ್ತಿ ಕಾಣುತ್ತದಾ?

ಇಲ್ಲ. ಲಿಂಗದ ಮೇಲೆ ಸಾಲಿಗ್ರಾಮದ ಪೀಠ ಇದೆ. ಅದರ ನಡುವೆ ಒಂದು ಸಣ್ಣ ರಂಧ್ರ. ಅದರೊಳಗೆ ಬೆರಳಿಟ್ಟರೆ ಲಿಂಗದ ತುದಿ ತಾಗುತ್ತದೆ. ಕಣ್ಣಿಗಿಂತ ಬೆರಳಿಗೆ ಸಿಗುವ ದರ್ಶನ ಇದು. ಮೊದಲ ಸಲ ನನ್ನ ಬೆರಳಿಗೆ ಆ ತಣ್ಣನೆಯ ಕಲ್ಲು ತಾಗಿದಾಗ ಕಣ್ಣಲ್ಲಿ ನೀರು ಬಂದಿತ್ತು.

ನಲವತ್ತು ವರ್ಷಕ್ಕೊಮ್ಮೆ ಅಷ್ಟಬಂಧ, ಅಂದರೆ ಪೀಠವನ್ನು ಮತ್ತೆ ಕೂರಿಸುವ ವಿಧಿ, ನಡೆಯುವ ಪದ್ಧತಿ ಇದೆ. ಪೀಠ ತೆಗೆದು ಲಿಂಗ ಕಾಣುವುದು ಆಗ ಮಾತ್ರ. ಆಯುಷ್ಯದಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಸಿಗುವ ಭಾಗ್ಯ.

ಏನು ಉಡಬೇಕು?

ಗೋಕರ್ಣದ ಗರ್ಭಗುಡಿಗೆ ಗಂಡಸರು ಪಂಚೆ ಉಟ್ಟು, ಅಂಗಿ-ಬನಿಯನ್ ತೆಗೆದು ಹೋಗಬೇಕು. ಹೆಂಗಸರಿಗೆ ಸೀರೆ, ಇಲ್ಲವೇ ಚೂಡಿದಾರದಂಥ ಮೈಮುಚ್ಚುವ ಉಡುಪು. ಚೀಲದಲ್ಲಿ ಒಂದು ಪಂಚೆ, ಒಂದು ಶಾಲು ಇಟ್ಟುಕೊಂಡರೆ ಐದೂ ಕಡೆ ನಡೆಯುತ್ತದೆ. ಮರೆತರೂ ಚಿಂತೆ ಇಲ್ಲ, ರಥಬೀದಿಯ ಅಂಗಡಿಗಳಲ್ಲಿ ಸಿಗುತ್ತವೆ.

ಗೋಕರ್ಣದಲ್ಲಿ ಪಿತೃಕಾರ್ಯ ಮಾಡಿಸಬೇಕಿದ್ದರೆ?

ಮಾಡಿಸಬಹುದು. ಅದಕ್ಕಾಗಿಯೇ ದೂರದಿಂದ ಬರುವವರು ಬಹಳ. ಕ್ಷೇತ್ರದ ಪೂಜೆಯ ಹಕ್ಕು ತಲೆತಲಾಂತರದಿಂದ ಇರುವ ಮನೆತನದವರನ್ನು ಇಲ್ಲಿ ಉಪಾಧಿವಂತರು ಎನ್ನುತ್ತಾರೆ. ನಿಮ್ಮ ಮನೆಯ ಹಿರಿಯರು ಹಿಂದೆ ಯಾರ ಮನೆಗೆ ಹೋಗುತ್ತಿದ್ದರು ಎಂದು ಹೊರಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ದಿನ, ದಕ್ಷಿಣೆ, ಊಟದ ವಿಚಾರವನ್ನು ಫೋನಿನಲ್ಲೇ ಮಾತಾಡಿ ಮುಗಿಸಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಯಾರೋ ಕರೆದರು ಅಂತ ಹಿಂದೆ ಹೋಗಬೇಡಿ.

ಕಾರ್ಯ ಇದ್ದರೆ ಆ ದಿನ ಬೇರೆ ಕ್ಷೇತ್ರ ಇಟ್ಟುಕೊಳ್ಳಬೇಡಿ. ಮನಸ್ಸು ಬೇರೆ ಕಡೆ ಇರುತ್ತದೆ.

ಶೇಜವಾಡ, ಧಾರೇಶ್ವರ, ಗುಣವಂತೆ ಸಣ್ಣ ಊರುಗಳಲ್ವಾ? ಅಲ್ಲಿ ನೋಡುವುದೇನಿದೆ?

ಈ ಪ್ರಶ್ನೆ ಕೇಳಿದಾಗ ನನಗೆ ಒಳಗೊಳಗೇ ಬೇಸರವಾಗುತ್ತದೆ. ಆದರೂ ಕೇಳುವವರ ತಪ್ಪಲ್ಲ. ಈ ಗುಡಿಗಳ ಫೋಟೋ ಎಲ್ಲೂ ಜಾಸ್ತಿ ಕಾಣುವುದಿಲ್ಲ.

ಧಾರೇಶ್ವರ ಕುಮಟಾದಿಂದ ಹೊನ್ನಾವರದ ಕಡೆ ಏಳೆಂಟು ಕಿಲೋಮೀಟರ್. ಕಲ್ಲಿನ ಹಳೆಯ ಗುಡಿ. ಒಳಗೆ ಕಾಲಿಟ್ಟರೆ ಹೆದ್ದಾರಿಯ ಲಾರಿಗಳ ಸದ್ದು ಹಿಂದೆ ಉಳಿಯುತ್ತದೆ. ಬರಿಗಾಲಿಗೆ ತಣ್ಣನೆ ಕಲ್ಲು, ಎಣ್ಣೆ ದೀಪದ ವಾಸನೆ, ಬಿಲ್ವಪತ್ರೆ. ಸಮುದ್ರ ಹತ್ತಿರವೇ ಇದೆ. ಸೋಮವಾರ ಬಿಟ್ಟು ಬೇರೆ ದಿನ ಹೋದರೆ ಹೆಚ್ಚು ಜನ ಇರುವುದಿಲ್ಲ. ಅರ್ಚಕರು ನಿಮ್ಮ ಹೆಸರು, ಗೋತ್ರ, ಊರು ನಿಧಾನ ಕೇಳುತ್ತಾರೆ. "ಎಲ್ಲಿಂದ ಬಂದ್ರಿ? ಊಟ ಆಯ್ತಾ?" ಎನ್ನುತ್ತಾರೆ. ಗೋಕರ್ಣದ ಸಾಲಿನಲ್ಲಿ ನಿಂತು ಬಂದವರಿಗೆ ಈ ನಿಧಾನವೇ ದೊಡ್ಡ ಪ್ರಸಾದ.

ಗುಣವಂತೆ ಹೊನ್ನಾವರ ದಾಟಿ ಮುರುಡೇಶ್ವರದ ದಾರಿಯಲ್ಲಿ ಬರುತ್ತದೆ. ಗಾಡಿ ಜೋರಾಗಿದ್ದರೆ ಊರು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಡ್ರೈವರಿಗೆ ಮೊದಲೇ ಹೇಳಿಡಿ. ಯಕ್ಷಗಾನ ಪ್ರಿಯರಿಗೆ ಈ ಊರಿನ ಹೆಸರು ಹೊಸದಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ನೆಲೆ ಇದೇ ಗುಣವಂತೆ. ರಾವಣ ಮುಚ್ಚಳ ಎಸೆದ ಊರಿನಲ್ಲೇ ರಾವಣನ ವೇಷ ಕಟ್ಟುವ ಕಲಾವಿದರು ಬೆಳೆದರು ಎಂದು ನೆನೆದರೆ ನನಗೆ ರೋಮಾಂಚನವಾಗುತ್ತದೆ.

ಶೇಜವಾಡ ಕಾರವಾರ ಪೇಟೆಯಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಸುತ್ತಮುತ್ತ ಕೊಂಕಣಿ ಮಾತಾಡುವವರು ಜಾಸ್ತಿ. ಕನ್ನಡದಲ್ಲಿ ದಾರಿ ಕೇಳಿದರೆ ಪ್ರೀತಿಯಿಂದ ಹೇಳುತ್ತಾರೆ. ಐದರಲ್ಲಿ ಜನ ಬಿಟ್ಟುಬಿಡುವುದು ಇದನ್ನೇ, ಉಳಿದ ನಾಲ್ಕರಿಂದ ದೂರ ಎಂಬ ಕಾರಣಕ್ಕೆ. ದಯವಿಟ್ಟು ಬಿಡಬೇಡಿ. ಪೆಟ್ಟಿಗೆ ಇಲ್ಲದೆ ಲಿಂಗ ಕೈಲಾಸದಿಂದ ಇಲ್ಲಿಯ ತನಕ ಬರುತ್ತಿತ್ತೇ?

ಈ ಮೂರೂ ಕಡೆ ಹಣ್ಣುಕಾಯಿ, ಹೂವು ಅಲ್ಲೇ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಬರುವ ದಾರಿಯ ಪೇಟೆಯಲ್ಲೇ ತೆಗೆದುಕೊಳ್ಳಿ. ಗೋಕರ್ಣದ ಬೀದಿಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಹೂವು, ತರಕಾರಿ ಇಟ್ಟುಕೊಂಡು ಕೂತಿರುತ್ತಾರೆ. ಕೊರಳ ತುಂಬ ಮಣಿಸರ ಹಾಕಿದ ಆ ತಾಯಂದಿರ ಹತ್ತಿರ ತೆಗೆದುಕೊಂಡರೆ ಹೂವೂ ತಾಜಾ, ಮಾತೂ ಚೆಂದ.

ಮುರುಡೇಶ್ವರದಲ್ಲಿ ದೊಡ್ಡ ಶಿವನ ಮೂರ್ತಿಯೇ ದೇವರಾ?

ಅಲ್ಲ. ಬಹಳ ಜನ ಮೂರ್ತಿಯ ಎದುರು ಫೋಟೋ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ. ಪೂಜೆಯ ಲಿಂಗ ಇರುವುದು ಗುಡ್ಡದ ಮೇಲಿನ ಗುಡಿಯ ಒಳಗೆ. ಮೊದಲು ಅಲ್ಲಿಗೆ ಹೋಗಿ. ಮೃಡೇಶ್ವರ ಎಂಬ ಹೆಸರೇ ಜನರ ಬಾಯಲ್ಲಿ ಮುರುಡೇಶ್ವರ ಆಯಿತು. ಮೃಡ ಎಂದರೆ ಶಿವ. ಕಂದುಕಗಿರಿ ಎನ್ನುವ ಈ ಗುಡ್ಡಕ್ಕೆ ಮೂರು ಕಡೆ ಸಮುದ್ರ.

ಕೂತ ಶಿವನ ಮೂರ್ತಿ 123 ಅಡಿ ಎತ್ತರ. ಎದುರಿನ ರಾಜಗೋಪುರಕ್ಕೆ 20 ಅಂತಸ್ತು. ಇವೆರಡನ್ನೂ ಕಟ್ಟಿಸಿದ್ದು ಇದೇ ಊರಿನ ಉದ್ಯಮಿ ಆರ್. ಎನ್. ಶೆಟ್ಟಿ. ಮೂರ್ತಿಯ ಶಿಲ್ಪಿ ಶಿವಮೊಗ್ಗದ ಕಾಶೀನಾಥ್. ಗೋಪುರಕ್ಕೆ ಲಿಫ್ಟ್ ಇದೆ. ಟಿಕೆಟ್ ತೆಗೆದುಕೊಂಡರೆ 18ನೇ ಅಂತಸ್ತಿನ ತನಕ ಹೋಗಬಹುದು. ಮೇಲಿಂದ ನೋಡಿದರೆ ಗುಡ್ಡ, ಶಿವ, ಸುತ್ತಲಿನ ನೀರು ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಮೂರ್ತಿಯ ಕೆಳಗಿನ ಗುಹೆಯಲ್ಲಿ ಆತ್ಮಲಿಂಗದ ಕಥೆಯನ್ನು ಗೊಂಬೆಗಳಲ್ಲಿ ತೋರಿಸಿದ್ದಾರೆ. ಯಾತ್ರೆಯ ಕೊನೆಗೆ ಅದನ್ನು ನೋಡುವುದು ಒಳ್ಳೆಯದು. ಅಷ್ಟೊತ್ತಿಗೆ ಕಥೆಯ ಊರುಗಳನ್ನೆಲ್ಲ ನೀವು ನೋಡಿರುತ್ತೀರಿ.

ಸಮುದ್ರ ಸ್ನಾನ ಮಾಡಬಹುದಾ?

ಮಾಡಿ, ಆದರೆ ಮೊಣಕಾಲು ನೀರಿನಲ್ಲಿ. ತಂಬಿಗೆಯಿಂದ ನೀರು ಸುರಿದುಕೊಂಡರೂ ಸಮುದ್ರ ಸ್ನಾನವೇ. ನಾವು ದಂಡೆಯಲ್ಲೇ ಹುಟ್ಟಿ ಬೆಳೆದವರು, ನಾವೂ ಅಷ್ಟೇ ಮಾಡುತ್ತೇವೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಮುರುಡೇಶ್ವರದಲ್ಲಿ ನೀರುಪಾಲಾದರು. ಆ ಸುದ್ದಿ ಕೇಳಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಜೀವರಕ್ಷಕರು ಸೀಟಿ ಊದಿದರೆ ಆಗಲೇ ಮೇಲೆ ಬನ್ನಿ. ಕೆಂಪು ಬಾವುಟ ಇದ್ದರೆ ಕಾಲೂ ಇಡಬೇಡಿ. ಮಳೆಗಾಲದಲ್ಲಂತೂ ದೂರದಿಂದಲೇ ನಮಸ್ಕಾರ.

ಮಳೆಗಾಲದಲ್ಲಿ ಬರಬಹುದಾ?

ಶ್ರಾವಣ ಸೋಮವಾರಕ್ಕೆ ಬರುವವರಿದ್ದಾರೆ. ಹಸಿರು ನೋಡಲು ಚೆಂದ, ಜನವೂ ಕಡಿಮೆ. ಆದರೆ ಜೂನ್ ಕೊನೆಯಿಂದ ಆಗಸ್ಟ್ ತನಕ ದಾರಿಯ ಸುದ್ದಿ ನೋಡದೆ ಹೊರಡಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು. ಗೋಕರ್ಣಕ್ಕೆ ಕಾರವಾರದಿಂದ ಬರುವ ದಾರಿಯೇ ಅದು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಗೋವಾ ಕಡೆಯಿಂದ ಬರುವವರು ಆ ನದಿಯನ್ನು ದಾಟಬೇಕು. ಜಿಲ್ಲಾಡಳಿತ ಶಾಲೆಗೆ ರಜೆ ಕೊಟ್ಟ ದಿನ ಯಾತ್ರೆಗೂ ರಜೆ ಎಂದುಕೊಳ್ಳಿ.

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ಸೆಕೆ ಹಿರಿಯರಿಗೆ ತಡೆಯುವುದಿಲ್ಲ.

ಶಿವರಾತ್ರಿಗೆ ಬಂದರೆ ಹೇಗೆ?

ಗೋಕರ್ಣದ ಶಿವರಾತ್ರಿ ಒಮ್ಮೆಯಾದರೂ ನೋಡಬೇಕು. ದೊಡ್ಡ ರಥ ಎಳೆಯುವಾಗ ಜನ ಬಾಳೆಹಣ್ಣು ಎಸೆಯುತ್ತಾರೆ, ರಥಬೀದಿಯ ಮನೆಗಳ ಜಗುಲಿ, ಮಹಡಿ ಎಲ್ಲ ತುಂಬಿರುತ್ತದೆ. ಆದರೆ ಐದು ಕ್ಷೇತ್ರದ ಯಾತ್ರೆಗೆ ಅದು ಸಮಯವಲ್ಲ. ಗೋಕರ್ಣದಿಂದ ಹೊರಬರುವುದಕ್ಕೇ ಅರ್ಧ ದಿನ ಹೋಗುತ್ತದೆ. ಶಿವರಾತ್ರಿಗೆ ಗೋಕರ್ಣ ಒಂದೇ ಇಟ್ಟುಕೊಳ್ಳಿ. ವಸತಿಯನ್ನು ಬಹಳ ಮೊದಲೇ ಹೇಳಿಡಿ.

ಇಡಗುಂಜಿ, ಯಾಣ, ಸಿರ್ಸಿ ಸೇರಿಸಿಕೊಳ್ಳಬಹುದಾ?

ಇಡಗುಂಜಿ ಸೇರಿಸಲೇಬೇಕು ಎನ್ನುತ್ತೇನೆ. ಐದರ ಲೆಕ್ಕದಲ್ಲಿ ಇಲ್ಲ, ಆದರೆ ದಾರಿಯಲ್ಲೇ ಇದೆ. ಇಲ್ಲಿಯೂ ಗಣಪತಿಗೆ ಎರಡೇ ಕೈ, ಗೋಕರ್ಣದವನ ಹಾಗೇ ನಿಂತಿದ್ದಾನೆ. ಪಂಚಕಜ್ಜಾಯ ಇಲ್ಲಿನ ಪ್ರಸಾದ. ಮನೆಗೆ ಒಯ್ಯಲು ಸ್ವಲ್ಪ ಜಾಸ್ತಿಯೇ ತೆಗೆದುಕೊಳ್ಳಿ.

ಯಾಣಕ್ಕೆ ಬೇರೆ ದಿನ ಬೇಕು. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಎಂದು ನಮ್ಮ ಕಡೆ ಗಾದೆ ಇದೆ. ಹಿಂದೆ ಕಾಡಿನಲ್ಲಿ ನಡೆದೇ ಯಾಣಕ್ಕೆ ಹೋಗಬೇಕಿತ್ತು, ಮೈಯಲ್ಲಿ ಕಸುವು ಬೇಕಿತ್ತು. ಈಗ ಹತ್ತಿರದ ತನಕ ಗಾಡಿ ಹೋಗುತ್ತದೆ. ಕಪ್ಪು ಬಂಡೆಯ ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಮೋಹಿನಿ ಶಿಖರ 90 ಮೀಟರ್. ಶಿವರಾತ್ರಿಗೆ ಯಾಣಕ್ಕೆ ಹೋಗಿ ಅಲ್ಲಿಂದ ಗೋಕರ್ಣಕ್ಕೆ ಇಳಿಯುವ ಹಳೆಯ ರೂಢಿ ಇದೆ.

ಸಿರ್ಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವವರು ಹೊರಡುವ ಮೊದಲು ಮಾರಿಕಾಂಬೆಗೆ ಕೈಮುಗಿದು ಬನ್ನಿ. 1688ರಲ್ಲಿ ಸ್ಥಾಪನೆಯಾದ ಗುಡಿ ಅದು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯ ವಾರದಲ್ಲಾದರೆ ಮಾತ್ರ ಸಿರ್ಸಿ ದಾಟುವುದೇ ಕಷ್ಟ. ಅಘನಾಶಿನಿ ಹುಟ್ಟುವುದೂ ಸಿರ್ಸಿಯ ಶಂಕರಹೊಂಡದಲ್ಲಿ. ಘಟ್ಟದ ಮೇಲೆ ಹೊಂಡದಲ್ಲಿ ನೋಡಿದ ನೀರನ್ನು ಗೋಕರ್ಣದ ಹತ್ತಿರ ಸಮುದ್ರ ಸೇರುವಾಗ ಮತ್ತೆ ನೋಡಬಹುದು.

ಸ್ವಂತ ಗಾಡಿ ಇಲ್ಲ. ಬಸ್ಸಿನಲ್ಲಿ ಆಗುತ್ತದಾ?

ಆರಾಮಾಗಿ ಆಗುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ನಡುವೆ ಸಾರಿಗೆ ಬಸ್ಸುಗಳು ಓಡುತ್ತಲೇ ಇರುತ್ತವೆ. ಧಾರೇಶ್ವರ, ಗುಣವಂತೆಗೆ ಎಕ್ಸ್‌ಪ್ರೆಸ್ ಹತ್ತಬೇಡಿ, ಲೋಕಲ್ ಬಸ್ಸೇ ಸರಿ. ಕಂಡಕ್ಟರಿಗೆ ಹೇಳಿದರೆ ಇಳಿಸುತ್ತಾರೆ. 2023ರ ಜೂನಿನಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಇಟ್ಟುಕೊಳ್ಳಿ. ನಮ್ಮ ಓಣಿಯ ಹೆಂಗಸರು ಹೀಗೇ ಗುಂಪು ಕಟ್ಟಿಕೊಂಡು, ಬುತ್ತಿ ಹಿಡಿದು ಹೋಗಿ ಬಂದಿದ್ದಾರೆ.

ರೈಲೂ ಇದೆ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಈ ಕರಾವಳಿಗೆ ತರುತ್ತದೆ. ಕೊಂಕಣ ರೈಲ್ವೆಯ ಗೋಕರ್ಣ ರೋಡ್ ಸ್ಟೇಷನ್ ಊರಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರ, ಆಟೋ ಬೇಕಾಗುತ್ತದೆ. ಹುಬ್ಬಳ್ಳಿ ಕಡೆಯವರಿಗೆ ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಅಂಕೋಲಾಕ್ಕೆ ಬರುವ ಬಸ್ಸೇ ಸಲೀಸು.

ಸಮಯ ಇದ್ದರೆ ಒಂದು ಕೆಲಸ ಮಾಡಿ. ಗೋಕರ್ಣದಿಂದ ತದಡಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟಿ, ಮುಂದೆ ಕುಮಟಾಕ್ಕೆ ಬಸ್ ಹಿಡಿಯಿರಿ. ಅಘನಾಶಿನಿ ಎಂದರೆ ಪಾಪ ಕಳೆಯುವವಳು. ಸೇತುವೆಯ ಮೇಲೆ ದಾಟುವುದಕ್ಕಿಂತ ಅವಳ ಮೈಮೇಲೇ ದಾಟಿದ ನೆನಪು ಜಾಸ್ತಿ ದಿನ ಉಳಿಯುತ್ತದೆ.

ಊಟ, ವಸತಿ?

ಗೋಕರ್ಣ, ಮುರುಡೇಶ್ವರದಲ್ಲಿ ಎಲ್ಲ ದರದ ರೂಮು ಇವೆ. ಶನಿವಾರ, ಭಾನುವಾರ ಕಡಲಿಗೆ ಬರುವವರಿಂದಲೇ ತುಂಬಿರುತ್ತವೆ, ವಾರದ ನಡುವೆ ಬನ್ನಿ. ಗೋಕರ್ಣ, ಇಡಗುಂಜಿಯಂಥ ಕಡೆ ಮಧ್ಯಾಹ್ನ ಪ್ರಸಾದ ಊಟ ಇರುತ್ತದೆ. ಬಿಸಿಲಿಗೆ ಮುರುಗಲ (ಕೋಕಂ) ಶರಬತ್ತು ಕುಡಿಯಿರಿ, ಬೆಳಗಿನ ತಿಂಡಿಗೆ ಬನ್ಸ್ ತಿನ್ನಿ. ಊಟದ ಜೊತೆ ಅಪ್ಪೆಹುಳಿ ಸಿಕ್ಕರೆ ಎರಡನೇ ಸಲ ಹಾಕಿಸಿಕೊಳ್ಳಲು ನಾಚಬೇಡಿ.

ವಯಸ್ಸಾದವರನ್ನು ಕರೆತರಬಹುದಾ?

ತರಬಹುದು, ತರಬೇಕು. ಶೇಜವಾಡ, ಧಾರೇಶ್ವರ, ಗುಣವಂತೆಯಲ್ಲಿ ಕಷ್ಟವಿಲ್ಲ. ಗೋಕರ್ಣದಲ್ಲಿ ಸಾಲಿನದೇ ತೊಂದರೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮುರುಡೇಶ್ವರದಲ್ಲಿ ಮೆಟ್ಟಿಲಿವೆ. ಗರ್ಭಗುಡಿಯ ಕಲ್ಲು ನೀರು, ಹಾಲಿನಿಂದ ಜಾರುತ್ತದೆ. ಅವರ ಕೈ ಬಿಡಬೇಡಿ. ಹಿರಿಯರಿಗೆ ಆಗದಿದ್ದರೆ ಎರಡನ್ನು ಮೂರು ದಿನ ಮಾಡಿ.

ಮಕ್ಕಳಿಗೆ ಬೇಜಾರಾಗುವುದಿಲ್ವಾ?

ಕಥೆ ಹೇಳದೆ ಕರೆದುಕೊಂಡು ಹೋದರೆ ಖಂಡಿತ ಆಗುತ್ತದೆ. ನಾನು ಗಾಡಿಯಲ್ಲಿ ಕಥೆಯನ್ನು ತುಂಡು ತುಂಡಾಗಿ ಹೇಳುತ್ತೇನೆ, ಪ್ರತಿ ಊರು ಬರುವ ಮೊದಲು "ಇಲ್ಲಿ ಏನು ಬಿತ್ತು?" ಎಂದು ಕೇಳುತ್ತೇನೆ. ಗೋಕರ್ಣದಲ್ಲಿ ಗಣಪತಿಯ ನೆತ್ತಿಯ ತಗ್ಗನ್ನು ತೋರಿಸಿದರೆ ಮಕ್ಕಳು ತಮ್ಮ ತಲೆ ಮುಟ್ಟಿ ನೋಡಿಕೊಳ್ಳುತ್ತಾರೆ.

ಒಮ್ಮೆ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಅವನಿಗೆ ಆಗ ಏಳು ವರ್ಷ. ರಜೆ ಕಡಿಮೆ ಇತ್ತು ಅಂತ ಶೇಜವಾಡ ಬಿಟ್ಟು ಗೋಕರ್ಣದಿಂದಲೇ ಶುರು ಮಾಡಿದ್ದೆವು. ಮುರುಡೇಶ್ವರದಲ್ಲಿ ದರ್ಶನ ಮುಗಿಸಿ ಕೂತಾಗ ಅವನು ಬೆರಳು ಮಡಚಿ ಎಣಿಸಿದ. ಲಿಂಗ ಆಯಿತು, ದಾರ ಆಯಿತು, ಮುಚ್ಚಳ ಆಯಿತು, ಬಟ್ಟೆ ಆಯಿತು. "ಮಾಮಾ, ಪೆಟ್ಟಿಗೆ ಎಲ್ಲಿ?" ಅಂದ. ನಾಳೆ ನೋಡೋಣ ಎಂದು ಸಮಾಧಾನ ಮಾಡಲು ನೋಡಿದೆ. "ಪೆಟ್ಟಿಗೆ ಒಂದೇ ಪಾಪ, ಅಲ್ಲಿ ಒಬ್ಬನೇ ಕೂತಿರ್ತದೆ" ಅಂದ.

ಮರುದಿನ ಬೆಳಿಗ್ಗೆ ಕಾರವಾರದ ಬಸ್ ಹತ್ತಿದೆವು.